ಹತ್ತು ಸಾವಿರದೊಳಗೆ ರ‍್ಯಾಪ್ ರೆಕಾರ್ಡಿಂಗ್ ಮೂಲೆ: ಮೈಕ್ ಆರಿಸಿದ್ದು, ಕೇಬಲ್ ಬೆಸೆದಿದ್ದು, ಕೌದಿ ಕಟ್ಟಿದ್ದು

ಧಾರವಾಡದಲ್ಲಿರುವ ನಮ್ಮ ಕಾಕಾನ ಮಗ ರ‍್ಯಾಪ್ ಬರೆಯುತ್ತಾನೆ. ಇಷ್ಟು ದಿನ ಫೋನಿಗೇ ಹಾಡಿ ಮಿಕ್ಸ್ ಮಾಡುತ್ತಿದ್ದ. ಈಗ ಒಂದು ಸರಿಯಾದ ಮೈಕ್ ಬೇಕು, ಎಲ್ಲ ಸೇರಿ ಹತ್ತು ಸಾವಿರ ದಾಟಬಾರದು ಎಂದ. ಲ್ಯಾಪ್‌ಟಾಪ್ ಇದೆ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದೆ. ಉಳಿದದ್ದೆಲ್ಲ ಹೊಸದಾಗಿ ಆಗಬೇಕಿತ್ತು. ಕಾರ್ಯಕ್ರಮಗಳಿಗೆ ಸೌಂಡ್ ಹಾಕುವ ಕೆಲಸ ಮಾಡಿದ್ದರಿಂದ ಮೈಕು, ಕೇಬಲ್ಲು, ಬೆಸುಗೆ ನನಗೆ ಗೊತ್ತು. ಕೆಲಸ ಮುಗಿಯುವವರೆಗೂ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಇದೇ ಬಜೆಟ್ಟಿನಲ್ಲಿ, ಇಂಥದ್ದೇ ಮನೆಯಲ್ಲಿ ಕನ್ನಡ ರ‍್ಯಾಪ್ ಮಾಡುವ ಬೇರೆಯವರಿಗೂ ಕೆಲಸಕ್ಕೆ ಬಂದೀತು.

ಮೊದಲು ಖೋಲಿ

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಖೋಲಿ. ಮೇಲೆ ಆರ್‌ಸಿಸಿ, ಕೆಳಗೆ ಶಹಾಬಾದ್ ಕಲ್ಲು, ನಾಲ್ಕೂ ಕಡೆ ಗಿಲಾವು ಮಾಡಿ ಬಣ್ಣ ಬಳಿದ ಗೋಡೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಕೊನೆಗೆ ‘ಝಿಂಗ್’ ಎಂಬ ಸದ್ದು ಬಾಲದಂತೆ ಉಳಿಯುತ್ತದೆ. ಎದುರುಬದುರಿನ ಗೋಡೆಗಳ ನಡುವೆ ಸದ್ದು ಹೋಗಿ ಬಂದು ಮಾಡುತ್ತಿರುವುದರ ಗುರುತು ಅದು. ಹೊರಗೆ ಆಟೋ, ಒಳಗೆ ಕುಕ್ಕರು, ತಲೆ ಮೇಲೆ ಫ್ಯಾನು.

ಅಳತೆ ಮೂರೂ ಒಂದೇ ಇರುವುದು ರೆಕಾರ್ಡಿಂಗಿಗೆ ಒಳ್ಳೆಯದಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತಡಿ, ಅಂದರೆ ಮೂರು ಮೀಟರ್ ಚಿಲ್ಲರೆ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್‌ನ ಅಲೆ ನಿಂತುಬಿಡುತ್ತದೆ, ಅದರ ಮೇಲೆ 112 ಹರ್ಟ್ಸ್‌ನದು. ಗಂಡು ದನಿಯ ಬುಡ ಇರುವುದು ಈ 112ರ ಆಸುಪಾಸಿನಲ್ಲೇ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರು ದಿಕ್ಕಿನಿಂದಲೂ ಅದೇ ಸ್ವರ ಉಬ್ಬುತ್ತದೆ. ಖೋಲಿಯ ನಟ್ಟನಡುವೆ ನಿಂತರಂತೂ ಆ ಉಬ್ಬು ಪೂರ್ತಿ ಮೈಕಿಗೆ ಬರುತ್ತದೆ. ಹಾಗಾಗಿ ಮೈಕ್ ಕೊಳ್ಳುವ ಮೊದಲೇ ಜಾಗ ಗುರುತು ಮಾಡಿದೆವು: ಕಿಟಕಿ ಇಲ್ಲದ ಗೋಡೆಯಿಂದ ಮೂರಡಿ ಈಚೆ ಅವನು ನಿಲ್ಲಬೇಕು, ಆ ಗೋಡೆಗೆ ಬೆನ್ನು ಕೊಟ್ಟು.

ಕಂಡೆನ್ಸರೋ ಡೈನಮಿಕ್ಕೋ

ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಹೊರಗಿನಿಂದ ವಿದ್ಯುತ್ತು ಬೇಡುವ ಕಂಡೆನ್ಸರ್, ಅದು ಬೇಕಿಲ್ಲದ ಡೈನಮಿಕ್. ಅವನ ಮನಸ್ಸು ಕಂಡೆನ್ಸರ್ ಮೇಲಿತ್ತು. ರ‍್ಯಾಪರುಗಳ ವಿಡಿಯೋ ನೋಡಿದರೆ ಎಲ್ಲರ ಮುಂದೂ ಅದೇ ಇರುತ್ತದೆ, ಆಸೆ ಸಹಜ. ಕೇಳಿ ನೋಡಿಯೇ ತೀರ್ಮಾನಿಸೋಣ ಎಂದು ಗೆಳೆಯರೊಬ್ಬರಿಂದ ಕಂಡೆನ್ಸರ್ ಮೈಕಾದ ಆಡಿಯೋ-ಟೆಕ್ನಿಕಾ ಎಟಿ2020ಯನ್ನೂ ಇನ್ನೊಬ್ಬರಿಂದ ಡೈನಮಿಕ್ ಮೈಕಾದ ಶೂರ್ ಎಸ್‌ಎಂ58 ಅನ್ನೂ ಎರವಲು ತಂದೆವು. ಎರಡರಲ್ಲೂ ಒಂದೇ ಸಾಲು ಹಾಡಿಸಿದೆ. ಒತ್ತಕ್ಷರ ತುಂಬಿದ ಸಾಲೇ ಬೇಕು ಎಂದಿದ್ದೆ, ಅವನೇ ಕಟ್ಟಿದ:

ಅಪ್ಪ ಕಟ್ಟಿದ ಮನಿಯಾಗ ಸಪ್ಪಳಕ್ಕೇನು ಬರ ಇಲ್ಲ,
ರೊಕ್ಕ ಇಲ್ಲ, ಸೊಕ್ಕ ಇಲ್ಲ, ಹಕ್ಕ ಕೇಳಾಕ ಹೆದರೂದಿಲ್ಲ.

ಒತ್ತಕ್ಷರಕ್ಕೇ ಯಾಕೆ ಪಟ್ಟು ಹಿಡಿದೆ ಎಂದರೆ, ಕನ್ನಡ ರ‍್ಯಾಪಿನ ಪೆಟ್ಟು ಇರುವುದು ಅಲ್ಲಿ. ‘ಅಪ್ಪ’ ಅನ್ನುವಾಗ ತುಟಿ ಮುಚ್ಚಿ, ಒಂದು ಕ್ಷಣ ದನಿ ಪೂರಾ ನಿಂತು, ಆಮೇಲೆ ‘ಪ’ ಒಡೆದು ಬರುತ್ತದೆ. ‘ಕಟ್ಟಿದ’, ‘ರೊಕ್ಕ’, ಎಲ್ಲದರಲ್ಲೂ ಹೀಗೆಯೇ. ಆ ನಿಂತ ಕ್ಷಣ ಖಾಲಿ ಇದ್ದರೆ ತಾಳ ಚೂಪಾಗಿ ಕೇಳುತ್ತದೆ. ಖೋಲಿಯ ಪ್ರತಿಧ್ವನಿ ಅದನ್ನು ತುಂಬಿಬಿಟ್ಟರೆ ಎಷ್ಟೇ ಚೊಕ್ಕವಾಗಿ ಹಾಡಿದ್ದರೂ ಮಾತು ಕಲಸಿದಂತಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ‘ಅ’ ಮುಗಿದ ಮೇಲೆ ‘ಪ್ಪ’ ಸಿಡಿಯುವವರೆಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಜಾಗವಿದೆ. ಅಲ್ಲಿ ಗೆರೆ ಸಪಾಟಾಗಿ ಮಲಗಿರಬೇಕು.

ಎಟಿ2020ಯನ್ನು ಬಾಯಿಂದ ಎಂಟಿಂಚು ದೂರ ಇಟ್ಟು ಹಾಡಿಸಿದಾಗ ಆ ಜಾಗದಲ್ಲಿ ಗೆರೆ ಮಲಗಿರಲಿಲ್ಲ, ನಡುಗುತ್ತ ಇಳಿಯುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳಿ ಅವನೇ ಹೇಳಿದ: “ಅಣ್ಣಾ, ಇದರಾಗ ನನ್ನ ದನಿಕಿಂತ ಖೋಲಿನ ಜಾಸ್ತಿ ಕೇಳಾಕತ್ತೈತಿ.” ಎಸ್‌ಎಂ58ಕ್ಕೆ ಎರಡಿಂಚಿನಲ್ಲಿ ಹಾಡಿದಾಗ ಅದೇ ಜಾಗ ಬಹುಪಾಲು ಖಾಲಿ.

ಕಂಡೆನ್ಸರ್ ‘ಸೂಕ್ಷ್ಮ’, ಅದಕ್ಕೇ ಖೋಲಿಯನ್ನೆಲ್ಲ ಎಳೆದುಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಮಾತು. ಒಂದೇ ಗಟ್ಟಿಯ ಸದ್ದಿಗೆ ಎಟಿ2020 ಸುಮಾರು 14 ಮಿಲಿವೋಲ್ಟ್ ಕೊಡುವ ಕಡೆ ಎಸ್‌ಎಂ58 ಎರಡಕ್ಕೂ ಕಡಿಮೆ ಕೊಡುತ್ತದೆ, ನಿಜ. ಆದರೆ ಗೇನ್ (ಮೈಕಿನ ಸಿಗ್ನಲ್ ಏರಿಸುವ ತಿರುಪು) ತಿರುಗಿಸಿ ಎರಡರಲ್ಲೂ ದನಿಯ ಮಟ್ಟ ಒಂದೇ ಮಾಡಿದರೆ ಆ ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಎರಡೂ ಕಾರ್ಡಿಯಾಯ್ಡ್, ಅಂದರೆ ಎದುರಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ ಮೈಕುಗಳು. ಉಳಿಯುವುದು ದೂರ. ದೂರ ಅರ್ಧವಾದರೆ ನೇರ ದನಿ 6 ಡೆಸಿಬಲ್ ಏರುತ್ತದೆ. ಎಂಟಿಂಚಿಂದ ಎರಡಿಂಚಿಗೆ ಬಂದರೆ 12 ಡೆಸಿಬಲ್. ಖೋಲಿಯ ಪ್ರತಿಧ್ವನಿ ಮಾತ್ರ ಎರಡು ಕಡೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪರೀಕ್ಷೆಗೆಂದು ಎಸ್‌ಎಂ58 ಅನ್ನೂ ಎಂಟಿಂಚು ಹಿಂದೆ ಸರಿಸಿದೆ. ಅದೂ ಆ ಖೋಲಿಯನ್ನೇ ಹೊತ್ತು ತಂದಿತು.

ಹಾಗಾದರೆ ಕಂಡೆನ್ಸರನ್ನೇ ಎರಡಿಂಚಿಗೆ ತರಬಾರದೇ? ತಂದು ನೋಡಿದೆವು. ‘ಪ’, ‘ಭ’ಗಳ ಗಾಳಿ ಬಡಿದು ಢಬ್ ಢಬ್ ಎಂದಿತು, ಹತ್ತಿರ ಬಂದಾಗ ಉಬ್ಬುವ ಬೇಸ್ ಬೇರೆ. ಎಸ್‌ಎಂ58ರ ಜಾತಿಯ ಮೈಕುಗಳನ್ನು ವೇದಿಕೆಯಲ್ಲಿ ಬಾಯಿಗೆ ಹಚ್ಚಿ ಹಾಡಲೆಂದೇ ಮಾಡಿರುವುದು. ಜಾಲರಿಯೊಳಗೆ ಸ್ಪಂಜು ಇರುತ್ತದೆ, ಬೇಸ್ ಮೊದಲೇ ಇಳಿಸಿರುತ್ತಾರೆ, ಮಾತು ಸ್ಪಷ್ಟವಾಗುವ ಮೇಲಿನ ಭಾಗವನ್ನು ಸ್ವಲ್ಪ ಎತ್ತಿರುತ್ತಾರೆ. ಎಟಿ2020 ಒಳ್ಳೆಯ ಮೈಕು, ಪಿಸುಗುಟ್ಟಿ ಹಾಡುವವರಿಗೂ ಅಕೌಸ್ಟಿಕ್ ಗಿಟಾರಿಗೂ ನಾನು ಅದನ್ನೇ ಹೇಳುತ್ತೇನೆ. ಆದರೆ ಗೋಡೆಗೆ ಏನೂ ಮಾಡದ ಮನೆಯಲ್ಲಿ, ಗಟ್ಟಿಯಾಗಿ ಹಾಡುವ ಹುಡುಗನಿಗೆ, ಹತ್ತು ಸಾವಿರದೊಳಗೆ ಅಂದರೆ ಡೈನಮಿಕ್ಕೇ. ಇದರಲ್ಲಿ ನನಗೆ ಅನುಮಾನವಿಲ್ಲ. ಸಾವಿರ ರೂಪಾಯಿಗೆ ಸ್ಟ್ಯಾಂಡು, ಫಿಲ್ಟರು, ಕೇಬಲ್ಲು ಎಲ್ಲ ಸೇರಿಸಿ ಮಾರುವ ಕಂಡೆನ್ಸರ್ ಕಿಟ್ಟುಗಳಿಗೆ ದುಡ್ಡು ಹಾಕುವುದು ಬೇಡವೇ ಬೇಡ. ಅಂಥದ್ದೊಂದನ್ನು ಬಿಚ್ಚಿ ನೋಡಿದ್ದೇನೆ. ದೊಡ್ಡ ಡಬ್ಬದೊಳಗೆ ಕೂತಿದ್ದದ್ದು ಸದ್ದು ಹಿಡಿಯುವ, ಅಂಗಿಯ ಗುಂಡಿಯಷ್ಟು ಸಣ್ಣ ಕ್ಯಾಪ್ಸೂಲ್.

ಯಾವ ಡೈನಮಿಕ್?

ಎಸ್‌ಎಂ58 1966ರಿಂದ ಬರುತ್ತಿದೆ, ಇವತ್ತಿಗೂ ಅದರ ಮೇಲೆ ನಂಬಿಕೆ ಇಡಬಹುದು. ಆದರೆ ಅದೊಂದೇ ನಮ್ಮ ಬಜೆಟ್ಟನ್ನು ನುಂಗುತ್ತಿತ್ತು. ಅರ್ಧ ಬೆಲೆಗೆ ಸಿಗುವ ‘ಎಸ್‌ಎಂ58’ಗಳ ಬಗ್ಗೆ ಎಚ್ಚರ, ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ಮೈಕುಗಳಲ್ಲಿ ಅದೂ ಒಂದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ. ಅಸಲಿ ಮೈಕು 298 ಗ್ರಾಂ ತೂಗುತ್ತದೆ, ತೀರಾ ಕಡಿಮೆ ಬಂದರೆ ವಾಪಸು ಕೊಟ್ಟುಬಿಡಿ. ಪಾಡ್‌ಕಾಸ್ಟುಗಳಲ್ಲಿ ಕಾಣುವ ಎಸ್‌ಎಂ7ಬಿ ಮೂವತ್ತು ಸಾವಿರದ ಮೇಲಿನ ಮಾತು.

ನಾವು ತಂದದ್ದು ಬೆಹ್ರಿಂಗರ್ ಎಕ್ಸ್‌ಎಂ8500. ನಾವು ಕೊಂಡಾಗ ಎರಡು ಸಾವಿರದ ಆಚೀಚೆ ಇತ್ತು. ಕಾರ್ಡಿಯಾಯ್ಡ್, 50ರಿಂದ 15,000 ಹರ್ಟ್ಸ್, ಸ್ವಿಚ್ ಇಲ್ಲ (ರೆಕಾರ್ಡಿಂಗಿಗೆ ಇಲ್ಲದಿದ್ದರೇ ಒಳ್ಳೆಯದು, ಕಟ್ ಕಟ್ ಅನ್ನುವ ಒಂದು ಜಾಗ ಕಡಿಮೆ). ಎರವಲು ತಂದ ಎಸ್‌ಎಂ58ರ ಪಕ್ಕ ಇಟ್ಟು ಕೇಳಿದೆವು. ಶೂರ್‌ನಲ್ಲಿ ಎದೆಯ ದನಿ ತುಸು ತುಂಬಿ ಬರುತ್ತದೆ, ಇದರಲ್ಲಿ ‘ಸ’, ‘ಶ’ ಸ್ವಲ್ಪ ಮುಂದೆ ನಿಲ್ಲುತ್ತವೆ. ಮಿಕ್ಸ್‌ನಲ್ಲಿ ಬೀಟ್ ಕೆಳಗೆ ಕೂತ ಮೇಲೆ ಯಾವುದು ಯಾವುದು ಎಂದು ಅವನಿಗೆ ಹೇಳಲಾಗಲಿಲ್ಲ, ನನಗೂ ಪ್ರತಿ ಸಲ ಆಗಲಿಲ್ಲ.

ಇಂಟರ್‌ಫೇಸ್‌ಗೆ (ಮೈಕಿನ ಸಿಗ್ನಲ್ಲನ್ನು ಲ್ಯಾಪ್‌ಟಾಪಿಗೆ ಒಪ್ಪಿಸುವ ಪೆಟ್ಟಿಗೆ) ಬೆಹ್ರಿಂಗರ್ ಯುಎಂ2. ಒಂದು ಮೈಕಿಗೆ ಸಾಕು, ವಿದ್ಯುತ್ತು ಯುಎಸ್‌ಬಿಯಿಂದಲೇ. 16 ಬಿಟ್ ಮಾತ್ರ ಎಂದು ಕೆಲವರು ಮೂಗು ಮುರಿಯುತ್ತಾರೆ. 16 ಬಿಟ್ಟಿಗೆ ಲೆಕ್ಕದಲ್ಲಿ, ಹಿಡಿಯಬಲ್ಲ ಅತಿ ಸಣ್ಣ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ, 96 ಡೆಸಿಬಲ್ ಹರವು ಇದೆ. ಮನೆಯ ಖೋಲಿಯ ಗದ್ದಲ ಅದಕ್ಕಿಂತ ಎಷ್ಟೋ ಮೇಲೇ ಇರುತ್ತದೆ. ಡೈನಮಿಕ್ ಮೈಕಿಗೆ ಸಿಗ್ನಲ್ ಏರಿಸುವ ಬೇರೆ ಬೂಸ್ಟರ್ ಬೇಕೇ ಬೇಕು ಎಂಬ ಮಾತೂ ಉಂಟು. ರ‍್ಯಾಪಿಗೆ ಲೆಕ್ಕ ಹಾಕಿ ನೋಡಿ: ಬಾಯಿ ಹತ್ತಿರ 110 ಡೆಸಿಬಲ್ ಗಟ್ಟಿ ಇದ್ದರೆ ಎಸ್‌ಎಂ58 ಜಾತಿಯ ಮೈಕು ಸುಮಾರು 12 ಮಿಲಿವೋಲ್ಟ್ ಕೊಡುತ್ತದೆ. ಅದನ್ನು 40 ಡೆಸಿಬಲ್, ಅಂದರೆ ನೂರು ಪಟ್ಟು ಏರಿಸಿದರೆ ಒಂದು ವೋಲ್ಟ್ ದಾಟಿತು. ಬೂಸ್ಟರಿನ ಅಗತ್ಯ ಬರುವುದು ಮೆಲ್ಲಗೆ ಮಾತಾಡುವವರಿಗೆ, ದೂರ ಕೂರುವವರಿಗೆ.

ಇಂಟರ್‌ಫೇಸ್ ಬೇಡ, ನೇರ ಲ್ಯಾಪ್‌ಟಾಪಿಗೆ ಚುಚ್ಚಬೇಕು ಅನ್ನುವವರಿಗೆ ಸ್ಯಾಮ್ಸನ್ ಕ್ಯು2ಯು ಇದೆ. ಡೈನಮಿಕ್ಕೇ, ಯುಎಸ್‌ಬಿಯೂ ಇದೆ, ಕ್ಯಾನನ್ನೂ (ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್) ಇದೆ.

ಕೇಬಲ್

ಇಲ್ಲೇ ಹೆಚ್ಚು ಜನರ ಕೆಲಸ ಕೆಡುವುದು, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ಕಡೆ ಅಂಗಡಿಗೆ ಹೋಗಿ ಮೈಕ್ ಕೇಬಲ್ ಕೊಡಿ ಎಂದರೆ ಒಂದು ತುದಿಗೆ ಕ್ಯಾನನ್, ಇನ್ನೊಂದಕ್ಕೆ ಪಿ38 (ಕಾಲಿಂಚು ದಪ್ಪದ ಒಂಟಿ ಕಡ್ಡಿಯ ಜ್ಯಾಕ್) ಇರುವುದನ್ನು ಕೊಡುತ್ತಾರೆ. ಆಂಪ್ಲಿಫೈಯರಿಗೆ ಅದು ಸರಿ. ಯುಎಂ2ರ ತೂತಿನಲ್ಲಿ ಪಿ38 ಕೂಡ ಕೂರುತ್ತದೆ, ಆದರೆ ಆಗ ಸಿಗ್ನಲ್ಲು ಮೈಕಿನ ಸಣ್ಣ ಸಿಗ್ನಲ್ಲನ್ನು ಏರಿಸುವ ಪ್ರೀಆಂಪ್ ಬಿಟ್ಟು, ಮೊದಲೇ ಜೋರಾಗಿರುವ ಸಿಗ್ನಲ್ಲಿಗೆಂದಿರುವ ಲೈನಿನ ದಾರಿ ಹಿಡಿಯುತ್ತದೆ. ದನಿ ಸಣ್ಣಗಾಗಿ, ಗೇನ್ ಪೂರ್ತಿ ತಿರುಗಿಸಿ, ಕೊನೆಗೆ ‘ಗುಂಯ್’ ಮಾತ್ರ ಉಳಿಯುತ್ತದೆ. ಎರಡೂ ತುದಿಗೆ ಕ್ಯಾನನ್ ಇರಬೇಕು, ಒಳಗೆ ಎರಡು ತಂತಿ ಮತ್ತು ಸುತ್ತ ಶೀಲ್ಡ್ ಇರುವ ಕೇಬಲ್ ಆಗಬೇಕು.

ನಾನು ಬೆಸೆದದ್ದು ಹೀಗೆ. ಹದಿನೈದಡಿ ಕೇಬಲ್, ಒಂದು ಫೀಮೇಲ್, ಒಂದು ಮೇಲ್. ಮೊದಲು ಕನೆಕ್ಟರಿನ ಹಿಂದಿನ ಟೋಪಿಯನ್ನು ಕೇಬಲ್ಲಿಗೆ ತೂರಿಸಿಟ್ಟುಕೊಂಡೆ, ಬೆಸೆದ ಮೇಲೆ ಅದು ಒಳಗೆ ಹೋಗುವುದಿಲ್ಲ. ಶೀಲ್ಡಿನ ಎಳೆಗಳನ್ನು ಹೊಸೆದು, ತಂತಿಗಳನ್ನು ಕಾಲಿಂಚು ಮಾತ್ರ ಸುಲಿದು, ಮೂರಕ್ಕೂ ಮೊದಲೇ ತವರ ಹಿಡಿಸಿದೆ. 25 ವಾಟಿನ ಬೆಸುಗೆ ಕಡ್ಡಿಯಿಂದ ಪಿನ್ನಿನ ಬಟ್ಟಲಿಗೂ ತವರ ತುಂಬಿ, ಅದು ಕರಗಿ ಹೊಳೆಯುತ್ತಿರುವಾಗ ತಂತಿ ಇಳಿಸಿ, ಬೆಸುಗೆ ಕಡ್ಡಿ ತೆಗೆದು, ತವರ ಗಟ್ಟಿಯಾಗುವವರೆಗೆ ಕೈ ಅಲುಗಿಸದೆ ಹಿಡಿದೆ. ಶೀಲ್ಡ್ 1ಕ್ಕೆ, ಕೆಂಪು 2ಕ್ಕೆ, ಬಿಳಿ 3ಕ್ಕೆ, ಎರಡೂ ತುದಿಯಲ್ಲಿ ಹಾಗೆಯೇ. ಬೆಸೆಯುವ ಕಡೆಯಿಂದ ನೋಡಿದರೆ ಪಿನ್ನುಗಳ ಎಡಬಲ ಅದಲುಬದಲಾಗಿ ಕಾಣುತ್ತದೆ. ಪಿನ್ನಿನ ಪಕ್ಕ ಅಚ್ಚೊತ್ತಿರುವ ಸಣ್ಣ ಅಂಕಿಯನ್ನು ಟಾರ್ಚ್ ಬಿಟ್ಟು ಓದಿಯೇ ಬೆಸೆಯಬೇಕು.

ಆಮೇಲೆ ಮಲ್ಟಿಮೀಟರಿನ ಬೀಪ್ ಇಟ್ಟು 1ಕ್ಕೆ 1, 2ಕ್ಕೆ 2, 3ಕ್ಕೆ 3. ಬೀಪ್ ಬರುತ್ತಿರುವಾಗಲೇ ಕೇಬಲ್ಲಿನ ಕುತ್ತಿಗೆಯನ್ನು ಆ ಕಡೆ ಈ ಕಡೆ ಬಗ್ಗಿಸಿ ನೋಡಿದೆ. 1ಕ್ಕೂ 2ಕ್ಕೂ, 1ಕ್ಕೂ 3ಕ್ಕೂ, 2ಕ್ಕೂ 3ಕ್ಕೂ ಮೌನವಿರಬೇಕು, ಇತ್ತು. ಇಂಟರ್‌ಫೇಸಿನ 48 ವೋಲ್ಟ್ ಸ್ವಿಚ್ ಕಂಡೆನ್ಸರಿಗೆ ವಿದ್ಯುತ್ತು ಕೊಡಲೆಂದು ಇರುವುದು, ಡೈನಮಿಕ್ಕಿಗೆ ಬೇಕಿಲ್ಲ, ಆಫ್ ಮಾಡಿದೆ. ಸಾಮಾನಿಗೆ ಮುನ್ನೂರೈವತ್ತರಷ್ಟು ಖರ್ಚು.

ಕೌದಿ

ಹಾಡುವವನ ಎದುರಿಗೆ, ಮೈಕಿನ ಹಿಂದೆ, ಗೋಡೆ ತುಂಬ ಫೋಮ್ ಅಂಟಿಸುವುದು ವಾಡಿಕೆ. ಕಾರ್ಡಿಯಾಯ್ಡ್ ಮೈಕು ತನ್ನ ಬೆನ್ನಿನ ಕಡೆಯದನ್ನು ಹೇಗೂ ಕಡಿಮೆ ಕೇಳುತ್ತದೆ. ಅದು ಬಾಯಿ ತೆರೆದು ನೋಡುತ್ತಿರುವುದು ಹಾಡುವವನನ್ನು, ಅವನ ಬೆನ್ನ ಹಿಂದಿನ ಗೋಡೆಯನ್ನು. ಮೊದಲ ಬಟ್ಟೆ ಬೀಳಬೇಕಾದದ್ದು ಆ ಗೋಡೆಗೆ.

ಮುಕ್ಕಾಲಿಂಚಿನ ಪಿವಿಸಿ ಪೈಪು, ಎಲ್ಬೋ, ಟೀ ತಂದು ಮೂರು ಮಗ್ಗುಲಿನ ಚೌಕಟ್ಟು ಮಾಡಿದೆವು: ಬೆನ್ನಿಗೆ ಐದಡಿ, ಎಡಕ್ಕೂ ಬಲಕ್ಕೂ ಮೂರು ಮೂರಡಿ, ಎತ್ತರ ಆರೂವರೆ. ಅಂಟು ಹಾಕಲಿಲ್ಲ, ಬಿಚ್ಚಿ ಮಂಚದ ಕೆಳಗೆ ಇಡಬೇಕಲ್ಲ. ಅದರ ಮೇಲೆ ಕಾಕು ಕೊಟ್ಟ ಹಳೆಯ ಕೌದಿಗಳು. ಹಳೆ ಸೀರೆ, ಧೋತರಗಳನ್ನು ಪದರ ಪದರ ಇಟ್ಟು ಒತ್ತೊತ್ತಾಗಿ ಕೈಹೊಲಿಗೆ ಹಾಕಿದ್ದು ಅವು, ಒಂದೊಂದೂ ಎತ್ತಲು ಭಾರ. ಆ ಭಾರವೇ ನಮಗೆ ಬೇಕಾದದ್ದು. ಬೆನ್ನಿನ ಕಡೆ ಎರಡು ಕೌದಿ ಇಳಿಬಿಟ್ಟೆವು, ಎರಡರ ನಡುವೆ ಒಂದು ಗೇಣು ಸಂದು, ಗೋಡೆಗೂ ಹಿಂದಿನ ಕೌದಿಗೂ ಇನ್ನೊಂದು ಗೇಣು. ಗೋಡೆಗೆ ಅಂಟಿದಂತೆ ತೂಗುಹಾಕಿದರೆ ಬರೀ ಚುರುಕು ಸದ್ದು ಇಂಗುತ್ತದೆ. ಸಂದು ಬಿಟ್ಟರೆ ಇನ್ನೂ ಕೆಳಗಿನವರೆಗೆ ಹಿಡಿಯುತ್ತದೆ. ಕಾಲ ಕೆಳಗೆ ಜಮಖಾನೆ. ಕಾಕು ಒಂದೇ ಷರತ್ತು ಹಾಕಿದರು: “ವಾರಕ್ಕೊಮ್ಮೆ ಬಿಸಲಿಗೆ ಹಾಕ್ರಿಪಾ, ಇಲ್ಲಾಂದ್ರ ಕಮಟ ವಾಸನಿ ಹಿಡಿತಾವು.” ಬೇಸಿಗೆಯಲ್ಲಿ ಒಳಗೆ ಸೆಕೆ ಜಾಸ್ತಿ. ಒಂದು ವರ್ಸ್ ಮುಗಿಸಿ ಹೊರಬಂದು, ಫ್ಯಾನ್ ಹಾಕಿಕೊಂಡು, ಆರಿಸಿ ಮತ್ತೆ ಒಳಗೆ ಹೋಗುವುದು ರೂಢಿಯಾಯಿತು.

ಕಿಟಕಿ ಈಗ ಮೈಕಿನ ಬೆನ್ನಿಗಿದೆ. ಆಟೋ ಸದ್ದು ನಿಂತಿಲ್ಲ, ಆದರೆ ತಗ್ಗಿದೆ.

ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರಿಗೆ ಕಸೂತಿ ಹಾಕುವ ಆರಿಂಚಿನ ರಿಂಗು ತಂದೆವು, ಧಾರವಾಡದಲ್ಲಿ ಅದಕ್ಕೇನು ಕೊರತೆ. ನೈಲಾನ್ ಸ್ಟಾಕಿಂಗನ್ನು ಎರಡು ಪದರ ಬಿಗಿದು, ಗಟ್ಟಿ ತಂತಿಯಿಂದ ಸ್ಟ್ಯಾಂಡಿಗೆ ಕಟ್ಟಿದೆ. ಮೈಕಿನಿಂದ ಎರಡಿಂಚು ಮುಂದೆ ಅದು, ಅದಕ್ಕೆ ತುಟಿ ತಾಗುವಷ್ಟು ಹತ್ತಿರ ಅವನು. ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಬಾಳ’ ಎಂದು, ಆಮೇಲೆ ‘ಭಾಳ’ ಎಂದು ನೋಡಿ, ಮಹಾಪ್ರಾಣದ ಗಾಳಿ ಎಷ್ಟು ಜೋರು ಎಂಬುದು ಕೈಗೇ ತಿಳಿಯುತ್ತದೆ. ಫಿಲ್ಟರ್ ಇದ್ದೂ ಉಳಿದದ್ದಕ್ಕೆ ಮೈಕನ್ನು ಬಾಯಿಯ ನೇರಕ್ಕಿಡದೆ, ಬಾಯಿಯ ಮೂಲೆಯ ಕಡೆಗೆ ಸ್ವಲ್ಪ ಓರೆ ಮಾಡಿದೆ. ಗಾಳಿ ನೇರ ಹೋಗುತ್ತದೆ, ದನಿ ಎಲ್ಲ ಕಡೆ ಹೋಗುತ್ತದೆ.

ಮೈಕನ್ನು ಕೈಯಲ್ಲಿ ಹಿಡಿಯಲು ಬಿಡಲಿಲ್ಲ. ರ‍್ಯಾಪರುಗಳು ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚುತ್ತಾರೆ. ಕಾರ್ಡಿಯಾಯ್ಡ್ ಆಗಲು ಬೇಕಾದ ಹಿಂದಿನ ಸಂದುಗಳು ಮುಚ್ಚಿಹೋಗಿ ಮೈಕು ಎಲ್ಲ ಕಡೆಯದನ್ನೂ ಕೇಳತೊಡಗುತ್ತದೆ, ದನಿಯೂ ಮೂಗಿನಿಂದ ಬಂದಂತಾಗುತ್ತದೆ.

ಗುಂಯ್‌ಗುಡುವಿಕೆ, ಮತ್ತು ಸೆಟ್ಟಿಂಗ್

ಮೊದಲ ರೆಕಾರ್ಡಿಂಗಿನಲ್ಲಿ ಹಿಂದೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಕೇಬಲ್ ಮೇಲೆ ಅನುಮಾನ ಬರುವುದು ಸಹಜ, ಆದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ನಿಂತಿತು. ಆ ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತಿದ್ದರೂ ಅರ್ಥಿಂಗ್ ತಂತಿ ಬಂದಿರಲಿಲ್ಲ. ವೈರಿಂಗ್‌ನವರು ಬಂದು ಸರಿಮಾಡುವವರೆಗೆ ರೆಕಾರ್ಡಿಂಗ್ ಬ್ಯಾಟರಿ ಮೇಲೇ ನಡೆಯಿತು.

ಗೇನ್ ಇಡುವಾಗ ಅತಿ ಜೋರಿನ ಸಾಲನ್ನೇ ಹಾಡಿಸಿ, ಮೀಟರಿನ ತುದಿ ಮೈನಸ್ 10 ಡೆಸಿಬಲ್ ಹತ್ತಿರ ನಿಲ್ಲುವಂತೆ ಮಾಡಿದೆ. ಅವನು ತನ್ನ ದನಿ ಕೇಳಿಸಿಕೊಳ್ಳುವುದು ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿನಿಂದ. ಲ್ಯಾಪ್‌ಟಾಪ್ ಸುತ್ತಿ ಬರುವ ದನಿ ತಡವಾಗುತ್ತದೆ, ವೇಗದ ಸಾಲುಗಳಲ್ಲಿ ತಾಳ ತಪ್ಪಿಸುತ್ತದೆ. ಮಿಕ್ಸ್‌ನಲ್ಲಿ 80 ಹರ್ಟ್ಸ್‌ನಿಂದ ಕೆಳಗೆ ಕತ್ತರಿಸಿ, ಹತ್ತಿರ ಹಾಡಿದ್ದರಿಂದ ಉಬ್ಬಿದ 200–250ರ ಭಾಗವನ್ನು ಸ್ವಲ್ಪ ಇಳಿಸಿದರೆ ಸಾಕಾಯಿತು. ಡಬಲ್ (ಹಾಡಿದ ಸಾಲನ್ನೇ ಮತ್ತೊಮ್ಮೆ ಹಾಡಿ ಅದರ ಮೇಲೆ ಕೂರಿಸುವುದು) ಹಾಡುವಾಗಲೂ ಅದೇ ದೂರ ಇರಬೇಕು. ದೂರ ಬದಲಾದರೆ ಬೇಸ್ ಬದಲಾಗುತ್ತದೆ, ಎರಡು ಪದರ ಒಂದರ ಮೇಲೊಂದು ಕೂರುವುದಿಲ್ಲ.

ಅದೇ ಸಾಲನ್ನು ಮತ್ತೆ ಹಾಡಿಸಿ ‘ಅಪ್ಪ’ದ ನಡುವಿನ ಜಾಗವನ್ನು ಹಿಗ್ಗಿಸಿ ನೋಡಿದೆವು. ಬರಿಯ ಖೋಲಿಯಲ್ಲಿ ಕಂಡೆನ್ಸರಿನಿಂದ ಬಂದದ್ದಕ್ಕಿಂತ ಹತ್ತು ಡೆಸಿಬಲ್‌ಗೂ ಹೆಚ್ಚು ಕೆಳಗಿತ್ತು, ಗೆರೆ ಮಲಗಿತ್ತು. “ಈಗ ಅಕ್ಷರ ಬಿಡಿ ಬಿಡಿ ಕೇಳಾಕತ್ತಾವ ನೋಡಣ್ಣಾ,” ಎಂದು ಸಾಲನ್ನು ಇನ್ನೂ ವೇಗವಾಗಿ ಹಾಡಿ ತೋರಿಸಿದ. ಖರ್ಚು, ಸ್ಟ್ಯಾಂಡು ಪೈಪು ಸೇರಿ, ಒಂಬತ್ತು ಸಾವಿರದೊಳಗೇ ಮುಗಿಯಿತು.

ಉಳಿದಿರುವುದು ಆ 112 ಹರ್ಟ್ಸ್‌ನ ಉಬ್ಬು. ಕೌದಿಗೆ ಅದು ಬಗ್ಗುವುದಿಲ್ಲ, ಅಷ್ಟು ಉದ್ದದ ಅಲೆಗೆ ದಪ್ಪ ಬೇಕು. ಮಿಕ್ಕ ದುಡ್ಡಿಗೆ 50 ಮಿಲಿಮೀಟರಿನ ರಾಕ್‌ವೂಲ್ ಹಲಗೆ ತಂದು, ಎರಡೆರಡು ಜೋಡಿಸಿ, ಬಟ್ಟೆ ಸುತ್ತಿ, ಎರಡು ಮೂಲೆಗಳಿಗೆ ಅಡ್ಡ ನಿಲ್ಲಿಸುವುದು ಮುಂದಿನ ಕೆಲಸ. ಕತ್ತರಿಸುವಾಗ ಮುಖಕ್ಕೆ ಮಾಸ್ಕು, ತುಂಬು ತೋಳಿನ ಅಂಗಿ, ಕೈಗೆ ಗ್ಲೌಸು ಇರಲೇಬೇಕು.